ಜ್ವರ ಬಂದರೆ ಹಾಜರಾತಿಯ ಗತಿ ಏನು? ವಿಶ್ವವಿದ್ಯಾಲಯದವರಿಗೆ ಸಾಂಕ್ರಾಮಿಕ ಕಾಲದ ಕೈಪಿಡಿ

ಕೋವಿಡ್ ಪ್ರಕರಣಗಳು ಏರುತ್ತಿವೆ ಎಂಬ ಸುದ್ದಿ ಬಂದಾಗಲೆಲ್ಲ ಕಲಬುರಗಿ, ಬೀದರ್, ಯಾದಗಿರಿ ಕಡೆಯ ವಿದ್ಯಾರ್ಥಿಗಳೂ ಸಿಬ್ಬಂದಿಯೂ ಕೇಳುವ ಪ್ರಶ್ನೆಗಳು ಅವೇ ಐದಾರು. ಜ್ವರವಿದ್ದರೂ ತರಗತಿಗೆ ಹೋಗಬಹುದೇ? ಹೋಗದಿದ್ದರೆ ಹಾಜರಾತಿ ಕಳೆದುಹೋಗುವುದಿಲ್ಲವೇ? ಮೂವರು ಮಲಗುವ ಹಾಸ್ಟೆಲ್ ಕೊಠಡಿಯಲ್ಲಿ ಪ್ರತ್ಯೇಕವಾಗಿರುವುದು ಹೇಗೆ? ಸೆಮಿಸ್ಟರ್ ಪರೀಕ್ಷೆಯ ಹಿಂದಿನ ದಿನ ಪಾಸಿಟಿವ್ ಬಂದರೆ? ಊರಿಗೆ ಹೋಗಿಬಿಡಲೇ? ಅಲೆ ಇಳಿದ ಮೇಲೆ ಪ್ರಶ್ನೆಗಳೂ ಮರೆಯಾಗುತ್ತವೆ, ಉತ್ತರಗಳೂ ಮರೆತುಹೋಗುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2020ರ ಜನವರಿ 30ರಂದು ಸಾರಿದ್ದ ಜಾಗತಿಕ ತುರ್ತುಸ್ಥಿತಿಯನ್ನು 2023ರ ಮೇ 5ರಂದು ಹಿಂತೆಗೆದುಕೊಂಡಿತು. ವೈರಾಣುವಿಗೆ ಆ ಪ್ರಕಟಣೆ ಓದಲು ಬರುವುದಿಲ್ಲವಾದ್ದರಿಂದ ಅದು ನಮ್ಮ ನಡುವೆಯೇ ಇದೆ. ಆದಕಾರಣ ಎಲ್ಲವನ್ನೂ ಒಂದೇ ಕಡೆ, ಹಂತ ಹಂತವಾಗಿ ಬರೆಯುತ್ತಿದ್ದೇನೆ.

ಆರಂಭಕ್ಕೆ ಮೊದಲು ನನ್ನ ನಿಲುವು ಹೇಳಿಬಿಡುತ್ತೇನೆ. ನಿಯಮವೆಂದರೆ ಗೇಟಿನಲ್ಲಿ ಹಣೆಗೆ ಹಿಡಿಯುವ ಥರ್ಮಾಮೀಟರ್, ಮೇಜಿನ ಮೇಲೊಂದು ಸ್ಯಾನಿಟೈಸರ್ ಬಾಟಲಿ, ನೆಲದ ಮೇಲೆ ಬಿಡಿಸಿದ ವೃತ್ತ ಎಂದು ಬಹಳಷ್ಟು ಜನ ತಿಳಿದಿದ್ದಾರೆ. ನನ್ನ ಪ್ರಕಾರ ದೊಡ್ಡ ನಿಯಮಗಳು ಎರಡೇ. ಕಾಯಿಲೆ ಬಿದ್ದವರು ಆವರಣಕ್ಕೆ ಬರಬಾರದು. ಕೊಠಡಿಯೊಳಗಿನ ಗಾಳಿ ಬದಲಾಗುತ್ತಿರಬೇಕು. ಇವುಗಳಲ್ಲಿ ಮೊದಲನೆಯದನ್ನು ಪಾಲಿಸುವುದು ವಿದ್ಯಾರ್ಥಿಯೊಬ್ಬನ ಕೈಯಲ್ಲಿಲ್ಲ. ಮನೆಯಲ್ಲಿ ಉಳಿದರೆ ಹಾಜರಾತಿ, ಸಂಬಳ, ಪರೀಕ್ಷೆ ಹೋಗುತ್ತದೆ ಎಂಬ ಭಯವಿದ್ದಲ್ಲಿ ಜನ ಜ್ವರವನ್ನು ಮುಚ್ಚಿಟ್ಟು ಬಂದು ಕೂರುತ್ತಾರೆ. ಮುಂದಿನ ಹಂತಗಳಲ್ಲಿ ಅರ್ಧದಷ್ಟು ಈ ಭಯದ ಕುರಿತೇ ಇರುವುದು ಅದಕ್ಕಾಗಿ.

ಬೇಕಾಗುವ ಸಾಮಾನು ಹೆಚ್ಚಿಲ್ಲ. ಕಂಕುಳಲ್ಲಿ ಇಟ್ಟು ನೋಡುವ ಡಿಜಿಟಲ್ ಥರ್ಮಾಮೀಟರ್, ಪ್ಯಾರಸಿಟಮಾಲ್, ನಾಲ್ಕೈದು ಒಆರ್‌ಎಸ್ ಪೊಟ್ಟಣ, ಒಳ್ಳೆಯ ಮಾಸ್ಕ್‌ಗಳು, ಸಾಬೂನು, ಸ್ವಂತ ನೀರಿನ ಬಾಟಲಿ. ಬೆರಳಿಗೆ ಸಿಕ್ಕಿಸಿ ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ಪ್ರತಿಯೊಬ್ಬರಿಗೂ ಬೇಕಿಲ್ಲ. ಹಾಸ್ಟೆಲ್‌ನ ಮಹಡಿಗೊಂದು ಇದ್ದರೆ ಸಾಕು. ವಾರ್ಡನ್, ವಿಭಾಗದ ಕಚೇರಿ ಮತ್ತು ಮನೆಯವರ ಸಂಖ್ಯೆಗಳನ್ನು ಕಾಗದದ ಮೇಲೂ ಬರೆದಿಡಿ. ಜ್ವರದಲ್ಲಿ ಮಲಗಿದವರ ಮೊಬೈಲ್ ಲಾಕ್ ತೆರೆಯಲು ಕೊಠಡಿಯವರಿಗೆ ಬರುವುದಿಲ್ಲ.

ಹಂತ 1: ಆದೇಶ ಯಾರದು, ಯಾವ ದಿನದ್ದು ಎಂದು ನೋಡಿ

ನಿಯಮಗಳು ಮೇಲಿನಿಂದ ಇಳಿದು ಬರುತ್ತವೆ. ಕೇಂದ್ರ ಆರೋಗ್ಯ ಸಚಿವಾಲಯ ಮಾರ್ಗಸೂಚಿ ಹೊರಡಿಸುತ್ತದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗ, ಅಂದರೆ ಯುಜಿಸಿ, ಅದನ್ನು ಶಿಕ್ಷಣ ಸಂಸ್ಥೆಗಳಿಗೆ ಹೊಂದಿಸಿ ಹೇಳುತ್ತದೆ. ಲಾಕ್‌ಡೌನ್ ನಂತರ ಆವರಣಗಳನ್ನು ತೆರೆಯುವ ಬಗೆಗಿನ ಅದರ ಮಾರ್ಗಸೂಚಿ 2020ರ ನವೆಂಬರ್‌ನಲ್ಲಿ ಬಂತು. ರಾಜ್ಯದ ಆರೋಗ್ಯ ಇಲಾಖೆ ಇಲ್ಲಿನ ಪರಿಸ್ಥಿತಿ ನೋಡಿ ಸುತ್ತೋಲೆ ಕಳುಹಿಸುತ್ತದೆ. ಜಿಲ್ಲಾಧಿಕಾರಿಗಳು ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರದ ಅಧ್ಯಕ್ಷರೂ ಆಗಿರುವುದರಿಂದ 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿ ಅವರ ಆದೇಶಕ್ಕೆ ಬಲವಿದೆ. ಕೊನೆಗೆ ಕುಲಸಚಿವರ ಸಹಿ ಇರುವ ನಿಮ್ಮ ಸಂಸ್ಥೆಯ ಸುತ್ತೋಲೆ. ಕಡಗಂಚಿಯಲ್ಲಿರುವುದು ಕೇಂದ್ರೀಯ ವಿಶ್ವವಿದ್ಯಾಲಯ, ಜ್ಞಾನಗಂಗಾ ಆವರಣದ ಗುಲಬರ್ಗಾ ವಿಶ್ವವಿದ್ಯಾಲಯ ರಾಜ್ಯದ್ದು, ಖಾಸಗಿ ವಿಶ್ವವಿದ್ಯಾಲಯಗಳು ಬೇರೆ. ರಜೆ ಮತ್ತು ಪರೀಕ್ಷೆಯ ವಿವರಗಳು ಒಂದೊಂದರಲ್ಲಿ ಒಂದೊಂದು ರೀತಿ. ಗೆಳೆಯರ ಸಂಸ್ಥೆಯ ನಿಯಮವನ್ನು ನಿಮ್ಮದೆಂದು ನಂಬಿ ಕೂರಬೇಡಿ.

ಎಚ್ಚರಿಕೆ: ಹಳೆಯ ಸುತ್ತೋಲೆಗಳಿಗೆ ಸಾವಿಲ್ಲ. 2021ರಲ್ಲಿ ಕಾಲೇಜು ಮುಚ್ಚಲು ಹೊರಡಿಸಿದ ಆದೇಶ ಪ್ರತಿ ಅಲೆಗೂ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಮರುಹುಟ್ಟು ಪಡೆಯುತ್ತದೆ, ಅದೂ ದಿನಾಂಕದ ಭಾಗ ಕತ್ತರಿಸಿದ ಚಿತ್ರವಾಗಿ. ಪತ್ರ ಸಂಖ್ಯೆ, ದಿನಾಂಕ, ಸಹಿ ಮೂರೂ ಕಾಣದಿದ್ದರೆ ಅದನ್ನು ಮುಂದಕ್ಕೆ ಕಳುಹಿಸಬೇಡಿ, ಅದನ್ನು ನಂಬಿ ಬಸ್ಸು ಹತ್ತಬೇಡಿ.

ಲಸಿಕೆಯ ಪ್ರಮಾಣಪತ್ರ ಕಡ್ಡಾಯವೇ ಎಂದು ಕೇಳುವವರು ಈಗಲೂ ಇದ್ದಾರೆ. ಯಾರಿಗೂ ಬಲವಂತವಾಗಿ ಲಸಿಕೆ ಹಾಕುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಮೇ 2ರಂದು ಹೇಳಿದೆ. ಆದರೂ 60 ದಾಟಿದವರು, ಮಧುಮೇಹ, ಹೃದಯ, ಮೂತ್ರಪಿಂಡದ ತೊಂದರೆ ಇರುವ ಸಿಬ್ಬಂದಿ ಮುಂದಿನ ಡೋಸ್ ಬಗ್ಗೆ ತಮ್ಮ ವೈದ್ಯರನ್ನು ಕೇಳುವುದು ಒಳ್ಳೆಯದು.

ಹಂತ 2: ಹೊರಡುವ ಮುನ್ನ ನಿಮ್ಮನ್ನು ನೀವೇ ನೋಡಿಕೊಳ್ಳಿ

ಅಲೆ ಇರುವ ದಿನಗಳಲ್ಲಿ ಬೆಳಿಗ್ಗೆ ಹಲ್ಲುಜ್ಜಿದ ಮೇಲೆ ಒಂದು ನಿಮಿಷ ಇದಕ್ಕೆ ಕೊಡಿ. ಜ್ವರ, ಗಂಟಲು ನೋವು, ಹೊಸದಾಗಿ ಬಂದ ಕೆಮ್ಮು, ಮೈಕೈ ನೋವು, ವಾಸನೆ ರುಚಿ ತಿಳಿಯದಿರುವುದು, ಭೇದಿ: ಇವುಗಳಲ್ಲಿ ಯಾವುದಿದ್ದರೂ ಹೊರಡಬೇಡಿ. ಮೂಗು ಸೋರುವುದಷ್ಟೇ ಇದ್ದು ಹೋಗಲೇಬೇಕಾದ ದಿನವಾದರೆ ಮಾಸ್ಕ್ ಧರಿಸಿ, ಗುಂಪಿನಿಂದ ದೂರ ಕುಳಿತು, ಕೆಲಸ ಮುಗಿಸಿ ಬನ್ನಿ.

ಗೇಟಿನ ಥರ್ಮಾಮೀಟರ್ ಇದ್ದೇ ಇದೆಯಲ್ಲ, ಅದು ಹಿಡಿಯುತ್ತದೆ ಎನ್ನಬೇಡಿ. ಆ ಗನ್ ಅಳೆಯುವುದು ಚರ್ಮದ ಬಿಸಿಯನ್ನು. ಕಲಬುರಗಿಯ ಮೇ ತಿಂಗಳ ಬಿಸಿಲಿನಲ್ಲಿ, ಹೊರಗೆ 40 ಡಿಗ್ರಿ ದಾಟಿರುವಾಗ ಬೈಕ್ ಓಡಿಸಿಕೊಂಡು ಬಂದ ಆರೋಗ್ಯವಂತನ ಹಣೆ ಕಾದಿರುತ್ತದೆ. ಅರ್ಧ ಗಂಟೆ ಮುಂಚೆ ಪ್ಯಾರಸಿಟಮಾಲ್ ನುಂಗಿದ ರೋಗಿಯ ಹಣೆ ತಣ್ಣಗಿರುತ್ತದೆ. ಮೊದಲನೆಯವನನ್ನು ತಡೆದು ಎರಡನೆಯವನನ್ನು ಒಳಬಿಡುವ ಕಾವಲು ಅದು. ಅಲ್ಲದೆ ಸೋಂಕು ತಗುಲಿದವರು ಲಕ್ಷಣ ಕಾಣುವುದಕ್ಕೆ ಸುಮಾರು 2 ದಿನ ಮೊದಲೇ ಇತರರಿಗೆ ಹರಡಬಲ್ಲರು. ಆಗ ಯಾವ ಗನ್ನೂ ಏನನ್ನೂ ಹೇಳುವುದಿಲ್ಲ.

ಇನ್ನೊಂದು ಮಾತು: ನಮ್ಮಲ್ಲಿ ಬರುವ ಜ್ವರವೆಲ್ಲ ಕೋವಿಡ್ ಅಲ್ಲ. ಮಳೆಗಾಲದಲ್ಲಿ ಡೆಂಗಿ, ಮಲೇರಿಯಾ, ಟೈಫಾಯ್ಡ್ ಎಲ್ಲವೂ ಸಾಲುಗಟ್ಟಿ ನಿಂತಿರುತ್ತವೆ. ಕಣ್ಣಿನ ಹಿಂದೆ ನೋವು, ಮೈಮೇಲೆ ಗಂಧೆ, ವಸಡಿನಲ್ಲಿ ರಕ್ತ ಕಂಡರೆ ಡೆಂಗಿಯ ರಕ್ತ ತಪಾಸಣೆಗೆ ಹೋಗಿ. ಯಾವ ಜ್ವರ ಎಂದು ತಿಳಿಯುವವರೆಗೆ ಆಸ್ಪಿರಿನ್, ಐಬುಪ್ರೊಫೆನ್ ಮುಟ್ಟಬೇಡಿ, ಡೆಂಗಿಯಾಗಿದ್ದರೆ ಅವು ರಕ್ತಸ್ರಾವ ಹೆಚ್ಚಿಸುತ್ತವೆ. ಪ್ಯಾರಸಿಟಮಾಲ್ ಸುರಕ್ಷಿತ, ಆದರೆ ವಯಸ್ಕರಿಗೆ 24 ಗಂಟೆಯಲ್ಲಿ ಒಟ್ಟು 4 ಗ್ರಾಂ ಮೀರಬಾರದು. ನೆಗಡಿಯ ಮಾತ್ರೆಗಳಲ್ಲಿಯೂ ಪ್ಯಾರಸಿಟಮಾಲ್ ಬೆರೆತಿರುತ್ತದೆ ಎಂಬುದನ್ನು ಮರೆತು ಎರಡನ್ನೂ ನುಂಗುವವರು ಬಹಳ. ಯಕೃತ್ತಿನ ತೊಂದರೆ ಇರುವವರು ವೈದ್ಯರನ್ನು ಕೇಳದೆ ತೆಗೆದುಕೊಳ್ಳಬಾರದು.

ಹಂತ 3: ಅದೇ ದಿನ, ಬರಹದಲ್ಲಿ ತಿಳಿಸಿ

ಎಲ್ಲರೂ ಎಡವುವುದು ಇಲ್ಲಿಯೇ, ಆದ್ದರಿಂದ ಸ್ವಲ್ಪ ನಿಧಾನವಾಗಿ ಓದಿ.

ವಿದ್ಯಾರ್ಥಿಗಳಿಗೆ: ಹೆಚ್ಚಿನ ಕೋರ್ಸ್‌ಗಳಲ್ಲಿ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕು. ಅನಾರೋಗ್ಯದ ದಿನಗಳಿಗೆ ವಿನಾಯಿತಿ ಕೊಡಲು ಅವಕಾಶವಿರುತ್ತದೆ, ಆದರೆ ಅದು ತಾನಾಗಿ ಸಿಗುವುದಿಲ್ಲ. ಸೆಮಿಸ್ಟರ್ ಕೊನೆಯಲ್ಲಿ ಹಾಜರಾತಿ ಕೊರತೆಯ ಪಟ್ಟಿ ಗೋಡೆಗೆ ಅಂಟಿಸಿದ ಮೇಲೆ "ಆಗಸ್ಟ್‌ನಲ್ಲಿ ನನಗೆ ಜ್ವರವಿತ್ತು ಸರ್" ಎಂದು ಹೋದರೆ ವಿಭಾಗದ ಮುಖ್ಯಸ್ಥರ ಕೈ ಕಟ್ಟಿರುತ್ತದೆ. ಕಾಯಿಲೆ ಬಿದ್ದ ದಿನವೇ ವಿಭಾಗದ ಕಚೇರಿಗೆ ಇಮೇಲ್ ಅಥವಾ ಸಂದೇಶ ಕಳುಹಿಸಿ. ಹಾಸ್ಟೆಲ್‌ನವರಾದರೆ ಅದರ ಪ್ರತಿ ವಾರ್ಡನ್‌ಗೂ ಹೋಗಲಿ. ಬರೆಯಬೇಕಾದುದು ಇಷ್ಟೇ:

"ಮಾನ್ಯರೇ, ನಾನು (ಹೆಸರು, ನೋಂದಣಿ ಸಂಖ್ಯೆ, ತರಗತಿ). ಇಂದು (ದಿನಾಂಕ) ಬೆಳಿಗ್ಗೆಯಿಂದ ಜ್ವರ ಮತ್ತು ಗಂಟಲು ನೋವು ಇರುವುದರಿಂದ ತರಗತಿಗೆ ಹಾಜರಾಗುತ್ತಿಲ್ಲ. ತಪಾಸಣೆ ಮಾಡಿಸಿ ಫಲಿತಾಂಶವನ್ನೂ ವೈದ್ಯರ ಚೀಟಿಯನ್ನೂ ಸಲ್ಲಿಸುತ್ತೇನೆ. ಈ ದಿನಗಳ ಗೈರುಹಾಜರಿಯನ್ನು ಅನಾರೋಗ್ಯದ ಕಾರಣವೆಂದು ದಾಖಲಿಸಲು ಕೋರುತ್ತೇನೆ."

ಫೋನಿನಲ್ಲಿ ಹೇಳಿದ್ದು ದಾಖಲೆಯಲ್ಲ. ವರ್ಗದ ಪ್ರತಿನಿಧಿಗೆ ಹೇಳಿ ಕಳುಹಿಸಿದ್ದಂತೂ ಅಲ್ಲವೇ ಅಲ್ಲ.

ಕಾಯಂ ನೌಕರರಿಗೆ: ಒಂದೆರಡು ದಿನಕ್ಕೆ ಸಾಂದರ್ಭಿಕ ರಜೆ ಸಾಕಾಗಬಹುದು. ವಾರಕ್ಕೆ ಮೇಲಾದರೆ ಪರಿವರ್ತಿತ ರಜೆ ನೋಡಿ. ಪರಿವರ್ತಿತ ರಜೆ ಎಂದರೆ ನಿಮ್ಮ ಖಾತೆಯಲ್ಲಿ ವರ್ಷಕ್ಕೆ 20 ದಿನದಂತೆ ಜಮೆಯಾಗುವ ಅರ್ಧ ವೇತನ ರಜೆಯನ್ನು ವೈದ್ಯಕೀಯ ಪ್ರಮಾಣಪತ್ರದ ಮೇಲೆ ಪೂರ್ಣ ವೇತನದ ರಜೆಯಾಗಿ ಬದಲಿಸಿಕೊಳ್ಳುವುದು. 7 ದಿನ ತೆಗೆದುಕೊಂಡರೆ ಖಾತೆಯಿಂದ 14 ದಿನ ಕಳೆಯುತ್ತದೆ. ಗಳಿಕೆ ರಜೆಯನ್ನು ಉಳಿಸಿಕೊಳ್ಳಬೇಕೆನ್ನುವವರಿಗೆ ಇದೇ ಲೇಸು.

ಹೊರಗುತ್ತಿಗೆಯವರಿಗೆ, ಅಂದರೆ ಕಾವಲು, ಸ್ವಚ್ಛತೆ, ಮೆಸ್ ಕೆಲಸದವರಿಗೆ: ನಿಮ್ಮ ವೇತನ ಚೀಟಿಯಲ್ಲಿ ಇಎಸ್‌ಐ, ಅಂದರೆ ನೌಕರರ ರಾಜ್ಯ ವಿಮೆ, ಎಂದು ಶೇ 0.75 ಕಡಿತವಾಗುತ್ತಿದೆಯೇ ನೋಡಿ. ತಿಂಗಳಿಗೆ 21,000 ರೂಪಾಯಿವರೆಗೆ ವೇತನ ಪಡೆಯುವವರು ಇದರ ವ್ಯಾಪ್ತಿಗೆ ಬರುತ್ತಾರೆ. ಕಡಿತವಾಗುತ್ತಿದ್ದರೆ, 6 ತಿಂಗಳ ವಂತಿಗೆ ಅವಧಿಯಲ್ಲಿ ಕನಿಷ್ಠ 78 ದಿನಗಳ ವಂತಿಗೆ ತುಂಬಿದ್ದರೆ, ಕಾಯಿಲೆಯ ದಿನಗಳಿಗೆ ವೇತನದ ಶೇ 70ರಷ್ಟು ಹಣ ವರ್ಷಕ್ಕೆ 91 ದಿನಗಳವರೆಗೆ ಸಿಗುತ್ತದೆ. ಇದಕ್ಕೆ ಇಎಸ್‌ಐ ವೈದ್ಯರ ಪ್ರಮಾಣಪತ್ರವೇ ಬೇಕು, ಓಣಿಯ ದವಾಖಾನೆಯ ಚೀಟಿ ನಡೆಯುವುದಿಲ್ಲ. ಕಲಬುರಗಿಯಲ್ಲಿ ಸೇಡಂ ರಸ್ತೆಯ ಇಎಸ್‌ಐ ವೈದ್ಯಕೀಯ ಕಾಲೇಜು ಆಸ್ಪತ್ರೆಯೇ ಇದೆ. ಇಷ್ಟು ದೊಡ್ಡ ಸೌಲಭ್ಯವನ್ನು ಕಣ್ಣೆದುರಿಗೆ ಇಟ್ಟುಕೊಂಡು ಜ್ವರದಲ್ಲಿಯೂ ಮೆಸ್‌ನಲ್ಲಿ ರೊಟ್ಟಿ ಬಡಿಯುತ್ತಾ ನಿಲ್ಲುವವರನ್ನು ನೋಡಿದಾಗ, ಗುತ್ತಿಗೆದಾರರು ಇದನ್ನು ಅವರಿಗೆ ಯಾಕೆ ಹೇಳುವುದಿಲ್ಲ ಎಂದು ಕೋಪ ಬರುತ್ತದೆ.

ತರಗತಿಯ ಲೆಕ್ಕದಲ್ಲಿ ಗೌರವಧನ ಪಡೆಯುವ ಅತಿಥಿ ಉಪನ್ಯಾಸಕರದು ಕಷ್ಟದ ಸ್ಥಿತಿ. ತಪ್ಪಿದ ತರಗತಿಗಳನ್ನು ಆನ್‌ಲೈನ್‌ನಲ್ಲಿಯೋ ಮುಂದಿನ ವಾರ ಹೆಚ್ಚುವರಿಯಾಗಿಯೋ ತೆಗೆದುಕೊಳ್ಳಲು ವಿಭಾಗದ ಒಪ್ಪಿಗೆಯನ್ನು ಮೊದಲೇ ಬರಹದಲ್ಲಿ ಪಡೆಯಿರಿ. ವಿಭಾಗದ ಮುಖ್ಯಸ್ಥರು ಇದನ್ನು ಓದುತ್ತಿದ್ದರೆ ಒಂದು ಕೋರಿಕೆ: ವೈದ್ಯರ ಚೀಟಿ ತಂದರಷ್ಟೇ ಒಂದು ದಿನದ ಗೈರನ್ನು ಒಪ್ಪುತ್ತೇವೆ ಎನ್ನಬೇಡಿ. ಸಣ್ಣ ಜ್ವರಕ್ಕೂ ಚೀಟಿಗಾಗಿ ಹೊರರೋಗಿ ವಿಭಾಗದ ಸಾಲಿನಲ್ಲಿ ನಿಂತವರು ಅಲ್ಲಿಂದಲೇ ಹೊಸ ಕಾಯಿಲೆ ತರುತ್ತಾರೆ.

ಹಂತ 4: ತಪಾಸಣೆ

ಎರಡು ಬಗೆ. ರ‍್ಯಾಪಿಡ್ ಆಂಟಿಜೆನ್ ಎಂಬುದು ಮೂಗಿನ ದ್ರವದಲ್ಲಿ ವೈರಾಣುವಿನ ಪ್ರೋಟೀನ್ ಇದೆಯೇ ಎಂದು ನೋಡುತ್ತದೆ. ಅರ್ಧ ಗಂಟೆಯೊಳಗೆ ಫಲಿತಾಂಶ. ಮನೆಯಲ್ಲಿಯೇ ಮಾಡಿಕೊಳ್ಳುವ ಕಿಟ್‌ಗಳಿಗೆ 2021ರ ಮೇ ತಿಂಗಳಿನಿಂದ ಅನುಮತಿ ಇದೆ. ಆರ್‌ಟಿ-ಪಿಸಿಆರ್ ವೈರಾಣುವಿನ ಜೀನ್‌ಗಳನ್ನು ಹುಡುಕುತ್ತದೆ, ಪ್ರಯೋಗಾಲಯ ಬೇಕು, ಸಮಯ ಬೇಕು, ಹೆಚ್ಚು ನಿಖರ. ಆಂಟಿಜೆನ್ ಪಾಸಿಟಿವ್ ಬಂದರೆ ನಂಬಿ. ಲಕ್ಷಣಗಳಿದ್ದೂ ನೆಗೆಟಿವ್ ಬಂದರೆ ನಂಬಬೇಡಿ. ಆರ್‌ಟಿ-ಪಿಸಿಆರ್ ಮಾಡಿಸಿ, ಅದು ಆಗದಿದ್ದರೆ ಒಂದೆರಡು ದಿನ ಬಿಟ್ಟು ಮತ್ತೆ ಆಂಟಿಜೆನ್ ಮಾಡಿ. "ನೆಗೆಟಿವ್ ಬಂತು" ಎಂದು ಕೆಮ್ಮುತ್ತಲೇ ಗ್ರಂಥಾಲಯದಲ್ಲಿ ಕೂರುವವರು ಈ ಸಾಲನ್ನು ಎರಡು ಸಲ ಓದಲಿ.

ಎಲ್ಲಿ ಎಂದರೆ, ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಮೊದಲು ವಿಚಾರಿಸಿ. ಕಲಬುರಗಿಯಲ್ಲಿ ಜಿಮ್ಸ್, ಬೀದರ್‌ನಲ್ಲಿ ಬ್ರಿಮ್ಸ್, ಯಾದಗಿರಿಯಲ್ಲಿ ಯಿಮ್ಸ್ ಸರ್ಕಾರಿ ವೈದ್ಯಕೀಯ ಸಂಸ್ಥೆಗಳು. ರಾಜ್ಯದ ಆರೋಗ್ಯ ಸಹಾಯವಾಣಿ 104ಕ್ಕೆ ಕರೆ ಮಾಡಿದರೆ ಕನ್ನಡದಲ್ಲಿಯೇ ಸಲಹೆ ಸಿಗುತ್ತದೆ.

ಫಲಿತಾಂಶ ಬರುವವರೆಗೆ ಪಾಸಿಟಿವ್ ಎಂದೇ ತಿಳಿದು ನಡೆದುಕೊಳ್ಳಬೇಕು. ಇದನ್ನು ಕಲಬುರಗಿಗಿಂತ ಚೆನ್ನಾಗಿ ತಿಳಿದ ಊರು ದೇಶದಲ್ಲಿ ಇನ್ನೊಂದಿಲ್ಲ. ಭಾರತದ ಮೊದಲ ಕೋವಿಡ್ ಸಾವು ಇಲ್ಲಿನ 76 ವರ್ಷದ ಹಿರಿಯರೊಬ್ಬರದು. ಅವರು 2020ರ ಮಾರ್ಚ್ 10ರಂದು ತೀರಿಕೊಂಡರು, ಸೋಂಕು ದೃಢಪಟ್ಟದ್ದು 12ರಂದು. ವರದಿ ಕೈಸೇರುವ ಹೊತ್ತಿಗೆ ಅವರ ಚಿಕಿತ್ಸೆಗೆ, ಆರೈಕೆಗೆ ನಿಂತವರೆಲ್ಲ ಸಂಪರ್ಕಕ್ಕೆ ಬಂದಾಗಿತ್ತು. ಈಗ ವರದಿ ಬೇಗ ಬರುತ್ತದೆ, ಆದರೆ ಮಾದರಿ ಕೊಟ್ಟು ನೇರವಾಗಿ ಕ್ಯಾಂಟೀನಿಗೆ ಹೋಗುವ ಅಭ್ಯಾಸ ಹೋಗಿಲ್ಲ.

ಹಂತ 5: ಪ್ರತ್ಯೇಕವಾಗಿ ಇರುವುದು

ಪಾಸಿಟಿವ್ ಬಂದವರು ಎಷ್ಟು ದಿನ ಪ್ರತ್ಯೇಕವಾಗಿರಬೇಕು? 2022ರ ಜನವರಿಯ ಕೇಂದ್ರ ಮಾರ್ಗಸೂಚಿಯ ಪ್ರಕಾರ ಸೌಮ್ಯ ಲಕ್ಷಣದವರಿಗೆ ಪಾಸಿಟಿವ್ ಆದ ದಿನದಿಂದ ಕನಿಷ್ಠ 7 ದಿನ ಕಳೆಯಬೇಕು, ಜೊತೆಗೆ ಕೊನೆಯ 3 ದಿನ ಸತತವಾಗಿ ಜ್ವರ ಇರಬಾರದು. ಲೆಕ್ಕ ಹೀಗೆ: ಜುಲೈ 3ರಂದು ಪಾಸಿಟಿವ್ ಎಂದುಕೊಳ್ಳಿ. 10ರವರೆಗೆ ಕೊಠಡಿ. 8, 9, 10ರಂದು ಜ್ವರ ಇರದಿದ್ದರೆ 11ಕ್ಕೆ ಹೊರಗೆ ಬರಬಹುದು. 9ರಂದು ಜ್ವರ ಬಂದಿದ್ದರೆ ಅದು ಬಿಟ್ಟ ಮೇಲೆ ಮತ್ತೆ 3 ದಿನ ಎಣಿಸಿ. ಮಾತ್ರೆ ನುಂಗಿ ಇಳಿಸಿದ ಜ್ವರವನ್ನು ಬಿಟ್ಟ ಜ್ವರವೆಂದು ಲೆಕ್ಕ ಹಾಕಬೇಡಿ. ಹೊಸ ಮಾರ್ಗಸೂಚಿ ಬಂದು ದಿನಗಳು ಬದಲಾಗಿದ್ದರೆ ಅದೇ ಅನ್ವಯ. ಹಂತ 1 ನೋಡಿ.

ಹೊರಬರಲು ಮತ್ತೊಂದು ನೆಗೆಟಿವ್ ವರದಿ ಬೇಕಿಲ್ಲ. ಗುಣವಾದ ಮೇಲೂ ಕೆಲವರಲ್ಲಿ ಆರ್‌ಟಿ-ಪಿಸಿಆರ್ ವಾರಗಟ್ಟಲೆ ಪಾಸಿಟಿವ್ ತೋರಿಸುತ್ತದೆ, ಅವರಿಂದ ಸೋಂಕು ಹರಡುತ್ತಿದೆ ಎಂದು ಅದರ ಅರ್ಥವಲ್ಲ. ನೆಗೆಟಿವ್ ತಂದರಷ್ಟೇ ಹಾಸ್ಟೆಲ್ ಪ್ರವೇಶ ಎನ್ನುವ ವಾರ್ಡನ್‌ಗಳಿಗೆ ಈ ಮಾರ್ಗಸೂಚಿಯನ್ನು ವಿನಯದಿಂದ ತೋರಿಸಿ.

ಹಾಸ್ಟೆಲ್‌ನಲ್ಲಿ ಬೇರೆ ಕೊಠಡಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ಮಂಚಗಳನ್ನು ಆದಷ್ಟು ದೂರ ಸರಿಸಿ, ಒಬ್ಬರ ತಲೆಯ ಕಡೆಗೆ ಇನ್ನೊಬ್ಬರ ಕಾಲು ಬರುವಂತೆ ಮಲಗಿ, ಕಿಟಕಿಯ ಪಕ್ಕದ ಮಂಚವನ್ನು ರೋಗಿಗೆ ಕೊಡಿ. ಊಟ ಬಾಗಿಲಿಗೆ ಬರಲಿ. ತಟ್ಟೆಗೆ ಬಿಸಿನೀರು, ಸಾಬೂನು ಸಾಕು, ಎಸೆಯಬೇಕಾಗಿಲ್ಲ. ಸಾಮೂಹಿಕ ಶೌಚಾಲಯಕ್ಕೆ ಹೋಗುವಾಗ ಮಾಸ್ಕ್ ಇರಲಿ, ಅಲ್ಲಿನ ಕಿಟಕಿ ತೆರೆದಿರಲಿ, ಸ್ನಾನದ ಗಲಾಟೆ ಮುಗಿದ ಮೇಲೆ ಹೋಗಿ. ಕೊಠಡಿಯ ಗೆಳೆಯರು ತಮ್ಮ ಲಕ್ಷಣಗಳನ್ನು ನೋಡಿಕೊಳ್ಳುತ್ತಾ, ಹೊರಗೆ ಮಾಸ್ಕ್ ಬಿಡದೆ ಇರಬೇಕು. ಒಂದೇ ಬಾಟಲಿಯ ನೀರು, ಒಂದೇ ತಟ್ಟೆಯ ಶೇಂಗಾ ಹಿಂಡಿ ಸ್ವಲ್ಪ ದಿನ ಬೇಡ.

ಎಲ್ಲಕ್ಕಿಂತ ದೊಡ್ಡ ತಪ್ಪು, ಪಾಸಿಟಿವ್ ಬಂದವರನ್ನು "ಊರಿಗೆ ಹೋಗಿಬಿಡು" ಎಂದು ಕಳುಹಿಸುವುದು. ಸಂಸ್ಥೆಗೆ ತಲೆನೋವು ತಪ್ಪುತ್ತದೆ, ನಿಜ. ಆದರೆ ಆ ಹುಡುಗ ಕಿಕ್ಕಿರಿದ ಬಸ್ಸಿನಲ್ಲಿ ಎರಡು ಮೂರು ಗಂಟೆ ಕುಳಿತು ಔರಾದಿಗೋ ಸುರಪುರಕ್ಕೋ ಹೋಗಿ ಇಳಿಯುತ್ತಾನೆ. ಮನೆಯಲ್ಲಿ ಸಕ್ಕರೆ ಕಾಯಿಲೆಯ ಅಜ್ಜಿ, ದಮ್ಮಿನ ಅಜ್ಜ. ಆವರಣದಲ್ಲಿ ಬರಿಯ ನೆಗಡಿಯಾಗಿ ಮುಗಿಯುತ್ತಿದ್ದುದು ಅಲ್ಲಿ ಆಸ್ಪತ್ರೆಯವರೆಗೆ ಹೋಗುತ್ತದೆ. ಊರಿಗೆ ಹೋಗಲೇಬೇಕಾದರೆ ಮನೆಯವರೇ ವಾಹನ ತಂದು, ಗಾಜು ಇಳಿಸಿ, ಎಲ್ಲರೂ ಮಾಸ್ಕ್ ಧರಿಸಿ ಕರೆದೊಯ್ಯಲಿ. ಅಲ್ಲಿಯೂ ಪ್ರತ್ಯೇಕ ಕೋಣೆ ಇದೆ ಎಂದಾದರೆ ಮಾತ್ರ.

ಒಂಟಿಯಾಗಿ ಒಂದು ವಾರ ಕೂರುವುದು ಕೆಲವರಿಗೆ ಜ್ವರಕ್ಕಿಂತ ಕಷ್ಟ. ಮನಸ್ಸು ಕುಸಿದರೆ ಟೆಲಿ-ಮಾನಸ್ 14416ಕ್ಕೆ ಕರೆ ಮಾಡಿ. ಉಚಿತ, ಹಗಲೂ ರಾತ್ರಿಯೂ ಇದೆ.

ಹಂತ 6: ಯಾವಾಗ ಆಸ್ಪತ್ರೆ

ಈ ಹಂತದಲ್ಲಿ ತಡ ಮಾಡುವಂತಿಲ್ಲ. ಉಸಿರಾಟಕ್ಕೆ ಕಷ್ಟ, ಎದೆಯಲ್ಲಿ ಬಿಡದ ನೋವು ಅಥವಾ ಒತ್ತಡ, ಮಾತು ತಪ್ಪುವುದು, ಗೊಂದಲ, ಎಬ್ಬಿಸಿದರೂ ಏಳದಷ್ಟು ಸುಸ್ತು, 3 ದಿನ ಕಳೆದರೂ 100 ಡಿಗ್ರಿ ಫ್ಯಾರನ್‌ಹೀಟ್ ಮೇಲೆಯೇ ಇರುವ ಜ್ವರ, ಒಂದು ಗಂಟೆಯೊಳಗೆ ಮೂರು ಸಲ ನೋಡಿದರೂ ಆಮ್ಲಜನಕ 93 ಅಥವಾ ಕೆಳಗೆ, ನಿಮಿಷಕ್ಕೆ 24ಕ್ಕಿಂತ ಹೆಚ್ಚು ಉಸಿರು: ಇವುಗಳಲ್ಲಿ ಒಂದು ಕಂಡರೂ 108ಕ್ಕೆ ಕರೆ ಮಾಡಿ.

ಆಕ್ಸಿಮೀಟರ್ ನೋಡುವ ಮೊದಲು 5 ನಿಮಿಷ ಸುಮ್ಮನೆ ಕುಳಿತುಕೊಳ್ಳಿ. ಉಗುರಿನ ಬಣ್ಣ ತೆಗೆಯಿರಿ. ಮದುವೆ, ಹಬ್ಬದ ಮೆಹೆಂದಿ ಬೆರಳಿಗೆ ಹತ್ತಿದ್ದರೆ ಬಣ್ಣವಿಲ್ಲದ ಬೆರಳನ್ನು ಆರಿಸಿ. ಸಿಕ್ಕಿಸಿದ ಕೂಡಲೇ ಕಾಣುವ ಅಂಕಿಯನ್ನು ಬಿಟ್ಟು, ಅಂಕಿ ನಿಂತ ಮೇಲೆ ಓದಿ. ಕಪ್ಪು ಮೈಬಣ್ಣದವರಲ್ಲಿ ಈ ಯಂತ್ರ ನಿಜಕ್ಕಿಂತ ತುಸು ಹೆಚ್ಚು ತೋರಿಸುವುದುಂಟು, ಆದ್ದರಿಂದ ಅಂಕಿ ಚೆನ್ನಾಗಿದೆ ಎಂದು ಉಸಿರಿನ ಕಷ್ಟವನ್ನು ಅಲಕ್ಷಿಸಬೇಡಿ.

ಸ್ಟೆರಾಯ್ಡ್ ಮಾತ್ರೆಗಳನ್ನು ಔಷಧ ಅಂಗಡಿಯಿಂದ ಕೇಳಿ ತಂದು ನುಂಗಬೇಡಿ. 2021ರಲ್ಲಿ ಕಪ್ಪು ಶಿಲೀಂಧ್ರದ ಕಾಯಿಲೆ ಹಬ್ಬಿದಾಗ ಅನಿಯಂತ್ರಿತ ಮಧುಮೇಹದ ಜೊತೆ ಸ್ಟೆರಾಯ್ಡ್‌ಗಳ ಅತಿಬಳಕೆಯೂ ಕಾರಣವಾಗಿತ್ತು.

ಹಂತ 7: ತರಗತಿಯ ಗಾಳಿ

ಇದು ಸುತ್ತೋಲೆಗಳಲ್ಲಿ ಒಂದೇ ಸಾಲು ಪಡೆಯುವ ವಿಷಯ, ನಾನು ಮಾತ್ರ ಇಲ್ಲಿ ನಿಲ್ಲುತ್ತೇನೆ. ಸೋಂಕಿತರು ಮಾತನಾಡಿದಾಗ, ಕೆಮ್ಮಿದಾಗ ಹೊರಬರುವ ಅತಿ ಸಣ್ಣ ಕಣಗಳು ಮುಚ್ಚಿದ ಕೊಠಡಿಯಲ್ಲಿ ಗಂಟೆಗಟ್ಟಲೆ ತೇಲುತ್ತವೆ, ಒಲೆಯ ಹೊಗೆ ಅಡುಗೆಮನೆಯಲ್ಲಿ ನಿಂತ ಹಾಗೆ. 6 ಅಡಿ ದೂರ ಕುಳಿತರೂ ಒಂದು ಗಂಟೆಯ ಪಾಠದಲ್ಲಿ ಅವು ಎಲ್ಲರನ್ನೂ ತಲುಪುತ್ತವೆ.

ಚಾವಣಿಯ ಫ್ಯಾನ್ ಗಾಳಿಯನ್ನು ಕಲಕುತ್ತದೆಯೇ ಹೊರತು ಬದಲಿಸುವುದಿಲ್ಲ. ಸ್ಪ್ಲಿಟ್ ಎ.ಸಿ. ಕೂಡ ಒಳಗಿನ ಗಾಳಿಯನ್ನೇ ತಂಪು ಮಾಡಿ ಸುತ್ತಿಸುತ್ತದೆ. ಬದಲಾವಣೆಗೆ ಎದುರುಬದುರು ಕಿಟಕಿ, ಬಾಗಿಲು ತೆರೆದಿರಬೇಕು. ಬೇಸಿಗೆಯಲ್ಲಿ ಅದು ಹೇಗೆ ಸಾಧ್ಯ ಎನ್ನುವವರಿಗೆ ನಮ್ಮ ಭಾಗದ ಏರ್ ಕೂಲರ್ ಅರ್ಧ ಉತ್ತರ. ಕೂಲರನ್ನು ಕಿಟಕಿಯ ಹೊರಗಿಟ್ಟು ಹೊರಗಿನ ಗಾಳಿ ಎಳೆಯುವಂತೆ ಕೂರಿಸಿ, ಎದುರಿನ ಕಿಟಕಿಯನ್ನು ತೆರೆದಿಟ್ಟರೆ ಹೊಸ ಗಾಳಿ ಒಳಬಂದು ಹಳೆಯದು ಹೊರಹೋಗುತ್ತದೆ. ಅದೇ ಕೂಲರನ್ನು ಕೊಠಡಿಯ ನಡುವೆ ಇಟ್ಟು ಎಲ್ಲ ಮುಚ್ಚಿದರೆ ಒಳಗಿನ ಗಾಳಿಯೇ ತಿರುಗುತ್ತದೆ, ತೇವ ಹೆಚ್ಚಿ ತಂಪೂ ಕಡಿಮೆಯಾಗುತ್ತದೆ. ಸರಿಯಾಗಿ ಇಟ್ಟ ಕೂಲರ್‌ನಿಂದ ಸೆಖೆಯೂ ತಗ್ಗುತ್ತದೆ, ಸೋಂಕೂ ತಗ್ಗುತ್ತದೆ. ಬೀದರ್‌ನ ಡಿಸೆಂಬರ್ ಬೆಳಗಿನ ಚಳಿಗೆ ಎಲ್ಲ ಕಿಟಕಿ ಮುಚ್ಚುವ ಕಾಲೇಜುಗಳಲ್ಲಿ ಕನಿಷ್ಠ ಎರಡು ಕಿಟಕಿಗಳನ್ನು ಕೈಯಗಲವಾದರೂ ತೆರೆದಿಡಿ, ಪಾಠಗಳ ನಡುವಿನ ಬಿಡುವಿನಲ್ಲಿ ಪೂರ್ತಿ ತೆರೆಯಿರಿ.

ಪರಿಸರ ವಿಜ್ಞಾನ ಅಥವಾ ಭೌತವಿಜ್ಞಾನ ವಿಭಾಗದಲ್ಲಿ ಇಂಗಾಲದ ಡೈಆಕ್ಸೈಡ್ ಅಳೆಯುವ ಮೀಟರ್ ಇದ್ದರೆ ತಂದು ತರಗತಿಯಲ್ಲಿ ಇಟ್ಟು ನೋಡಿ. ಹೊರಗೆ ಅದು 420 ಪಿಪಿಎಂ ಆಸುಪಾಸು, ಅಂದರೆ ಗಾಳಿಯ ಹತ್ತು ಲಕ್ಷ ಭಾಗದಲ್ಲಿ 420 ಭಾಗ. ಒಳಗೆ 1,000 ದಾಟಿದರೆ ನೀವು ಒಬ್ಬರು ಬಿಟ್ಟ ಉಸಿರನ್ನು ಇನ್ನೊಬ್ಬರು ಎಳೆಯುತ್ತಿದ್ದೀರಿ.

ಮಾಸ್ಕ್ ಬಗ್ಗೆ ಚುಟುಕಾಗಿ: ಎನ್95 ದರ್ಜೆಯದು ಉತ್ತಮ. ಭಾರತದ ಮಾನಕ ಐಎಸ್ 9473, ಎಫ್‌ಎಫ್‌ಪಿ2 ಎಂಬ ಗುರುತು ನೋಡಿ ಕೊಳ್ಳಿ. ಮುಂದೆ ಕವಾಟ ಇರುವ ಮಾಸ್ಕ್ ನಿಮ್ಮನ್ನು ಕಾಯುತ್ತದೆ, ಎದುರಿನವರನ್ನು ಕಾಯುವುದಿಲ್ಲ. ಎನ್95 ಒಗೆಯಬಾರದು, ಎರಡು ಮೂರು ಇಟ್ಟುಕೊಂಡು ಸರದಿಯಂತೆ ಬಳಸಿ, ಬಳಸಿದ್ದನ್ನು ಕಾಗದದ ಚೀಲದಲ್ಲಿ ಒಣಗಲು ಬಿಡಿ. ಬೆವರಿನಲ್ಲಿ ತೊಯ್ದ ಸರ್ಜಿಕಲ್ ಮಾಸ್ಕನ್ನು ಬದಲಿಸಿ. ಹೆಗಲ ಮೇಲಿನ ಟವೆಲ್, ದುಪಟ್ಟಾದ ಸೆರಗು ಮಾಸ್ಕ್ ಅಲ್ಲ.

ಕೈಗಳನ್ನು ಸಾಬೂನಿನಲ್ಲಿ 20 ಸೆಕೆಂಡಾದರೂ ಉಜ್ಜಿ. ಬೇಸಿಗೆಯಲ್ಲಿ ಹಾಸ್ಟೆಲ್ ನಲ್ಲಿಗಳು ಬತ್ತಿದಾಗ ಕನಿಷ್ಠ ಶೇ 60 ಆಲ್ಕೊಹಾಲ್ ಇರುವ ಸ್ಯಾನಿಟೈಸರ್ ಆಗಬಹುದು. ರಸಾಯನಶಾಸ್ತ್ರ ಪ್ರಯೋಗಾಲಯದಲ್ಲಿ ಅದು ಪೂರ್ತಿ ಆರುವ ಮೊದಲು ಬರ್ನರ್ ಹತ್ತಿರ ಹೋಗಬೇಡಿ, ಕೈಗೆ ಬೆಂಕಿ ಹತ್ತುತ್ತದೆ. ಸ್ವಚ್ಛತಾ ಸಿಬ್ಬಂದಿಗೆ ಇನ್ನೊಂದು: ಶೇ 1ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನಾಗಲಿ ಬ್ಲೀಚಿಂಗ್ ಪೌಡರನ್ನಾಗಲಿ ಶೌಚಾಲಯ ತೊಳೆಯುವ ಆಸಿಡ್ ಜೊತೆ ಬೆರೆಸಬೇಡಿ, ವಿಷದ ಕ್ಲೋರಿನ್ ಅನಿಲ ಏಳುತ್ತದೆ. ಮನುಷ್ಯರ ಮೇಲೆ ಔಷಧ ಸಿಂಪಡಿಸುವುದನ್ನು ಕೇಂದ್ರ ಆರೋಗ್ಯ ಸಚಿವಾಲಯ 2020ರ ಏಪ್ರಿಲ್‌ನಲ್ಲಿಯೇ ಬೇಡವೆಂದಿತ್ತು.

ಹಂತ 8: ಪರೀಕ್ಷೆಯ ದಿನಗಳು

ಪಾಸಿಟಿವ್ ಬಂದಿದ್ದರೆ ಪರೀಕ್ಷೆ ಶುರುವಾಗುವ ಮೊದಲೇ ಕುಲಸಚಿವರ ಮೌಲ್ಯಮಾಪನ ಕಚೇರಿಗೂ ಪರೀಕ್ಷಾ ಕೇಂದ್ರದ ಮುಖ್ಯಸ್ಥರಿಗೂ ವರದಿ ಸಹಿತ ತಿಳಿಸಿ, ಬೇರೆ ದಿನದ ಅವಕಾಶ ಅಥವಾ ಪ್ರತ್ಯೇಕ ಕೊಠಡಿ ಕೋರಿ. 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಹೊರಡಿಸಿದ ಪರೀಕ್ಷಾ ಕಾರ್ಯವಿಧಾನದಲ್ಲಿ, ಲಕ್ಷಣ ಇರುವವರನ್ನು ಆರೋಗ್ಯ ಕೇಂದ್ರಕ್ಕೆ ಕಳುಹಿಸಿ ಬೇರೆ ವಿಧಾನದಲ್ಲಿ ಅಥವಾ ಮುಂದೆ ಪರೀಕ್ಷೆ ಬರೆಯಲು ಅವಕಾಶ ಕೊಡಬೇಕೆಂದಿತ್ತು. ಮನವಿಯಲ್ಲಿ ಅದನ್ನು ಉಲ್ಲೇಖಿಸಿ. ಪರೀಕ್ಷೆ ಬರೆದು ಬಂದ ಮೇಲೆ "ನನಗೆ ಜ್ವರವಿತ್ತು, ಮತ್ತೆ ಅವಕಾಶ ಕೊಡಿ" ಎಂದರೆ ಯಾರೂ ಕೇಳುವುದಿಲ್ಲ, ಪಕ್ಕದಲ್ಲಿ ಕುಳಿತವರೂ ಕ್ಷಮಿಸುವುದಿಲ್ಲ.

ಕೊಠಡಿ ಮೇಲ್ವಿಚಾರಕರು ಗುರುತು ನೋಡಲು ಮಾಸ್ಕ್ ಇಳಿಸಲು ಹೇಳಿದರೆ ಕ್ಷಣಕಾಲ ಇಳಿಸಿ. ಹಾಜರಿ ಸಹಿಗೆ ನಿಮ್ಮದೇ ಪೆನ್ನು ಬಳಸಿ.

ಹಂತ 9: ಮರಳಿ ಬರುವಾಗ

ಅವಧಿ ಮುಗಿದ ಮೇಲೆ ಬನ್ನಿ, ಇನ್ನೂ ಕೆಲವು ದಿನ ಮಾಸ್ಕ್ ಇರಲಿ. ಸುಸ್ತು ವಾರಗಳವರೆಗೆ ಉಳಿಯಬಹುದು. ಮೊದಲ ವಾರವೇ ಕ್ರಿಕೆಟ್ ಮೈದಾನಕ್ಕೆ, ಜಿಮ್‌ಗೆ ಇಳಿಯಬೇಡಿ. ಮೆಟ್ಟಿಲು ಹತ್ತುವಾಗ ಎದೆ ನೋವು, ತಲೆಸುತ್ತು ಬಂದರೆ ವೈದ್ಯರ ಬಳಿ ಹೋಗಿ. ಕೆಮ್ಮು 2 ವಾರ ದಾಟಿದರೆ ಕೋವಿಡ್‌ನ ಉಳಿಕೆ ಎಂದು ಕೂರದೆ ಸರ್ಕಾರಿ ಆಸ್ಪತ್ರೆಯಲ್ಲಿ ಕಫದ ತಪಾಸಣೆ ಮಾಡಿಸಿ. ಕ್ಷಯರೋಗದ ತಪಾಸಣೆಯೂ ಔಷಧವೂ ಅಲ್ಲಿ ಉಚಿತ.

ವೈದ್ಯಕೀಯ ಪ್ರಮಾಣಪತ್ರದ ಮೇಲೆ ರಜೆ ಹೋದ ನೌಕರರು ಕೆಲಸಕ್ಕೆ ಮರಳುವಾಗ ದೇಹಾರೋಗ್ಯ ಸರಿಯಿದೆ ಎಂಬ ಪ್ರಮಾಣಪತ್ರ ಕೊಡಬೇಕು. ವಿದ್ಯಾರ್ಥಿಗಳು ವರದಿ, ಚೀಟಿ, ಮೊದಲ ದಿನದ ಸಂದೇಶದ ಪ್ರತಿ ಮೂರನ್ನೂ ವಿಭಾಗದ ಕಚೇರಿಗೆ ಸಲ್ಲಿಸಿ, ಸ್ವೀಕೃತಿಯ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆ ಬಿದ್ದ ಆ ಪ್ರತಿಯನ್ನು ಸೆಮಿಸ್ಟರ್‌ನ ಹಾಜರಾತಿ ಪಟ್ಟಿ ಅಂತಿಮವಾಗುವವರೆಗೆ ತೆಗೆದಿಡಿ.